ಸೊನ್ನೆಯನ್ನು ನಾಲ್ಕೆನ್ನುವ ತಂತಿ

ಕಾವೇರಿ ಬೆಂಗಳೂರಿಗೆ ಹರಿದು ಬರುವುದಿಲ್ಲ, ಹತ್ತಿ ಬರುತ್ತಾಳೆ! ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂದು ಮೂರು ಕಡೆ ಪಂಪುಗಳು ಅವಳನ್ನು ಮೇಲೆತ್ತುತ್ತವೆ. ಸುಮಾರು 100 ಕಿಲೋಮೀಟರ್ ದಾರಿ, ಹೆಚ್ಚುಕಡಿಮೆ ಅರ್ಧ ಕಿಲೋಮೀಟರ್ ಏರು. 1902ರಲ್ಲಿ ಶಿವನಸಮುದ್ರದಲ್ಲಿ ಧುಮುಕಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕೊಟ್ಟ ನದಿ ಇದು. ಇವತ್ತು ಅದನ್ನು ಬೆಟ್ಟ ಹತ್ತಿಸಲು ನಾವು ಕರೆಂಟು ಸುರಿಯುತ್ತಿದ್ದೇವೆ. 2024ರ ಅಕ್ಟೋಬರ್‌ನಲ್ಲಿ ಈ ಕಾವೇರಿ ನೀರಿನ ಯೋಜನೆಯ ಐದನೇ ಹಂತಕ್ಕೆ ಚಾಲನೆ ಸಿಕ್ಕಿತು, ಅದರ ಸಾಮರ್ಥ್ಯವೊಂದೇ ದಿನಕ್ಕೆ 77.5 ಕೋಟಿ ಲೀಟರ್!

ಇಷ್ಟು ನೀರನ್ನು ಬರೀ ಕಣ್ಣಿನಿಂದ ಕಾಯಲು ಯಾರಿಂದಾದೀತು? ಕರೆಂಟು ಹೋಗಿ ಪಂಪು ನಿಂತಿತೆನ್ನಿ. ಕೊಳವೆಯೊಳಗೆ ಒತ್ತಡದ ಅಲೆಯೊಂದು ಎದ್ದು, ಉಕ್ಕಿನ ಪೈಪಿನಲ್ಲಿ ಸೆಕೆಂಡಿಗೆ ಸುಮಾರು 1 ಕಿಲೋಮೀಟರ್ ವೇಗದಲ್ಲಿ ನುಗ್ಗುತ್ತದೆ. ಆಪರೇಟರ್ ಕುರ್ಚಿಯಿಂದ ಏಳುವಷ್ಟರಲ್ಲಿ ಅದು ಊರು ದಾಟಿರುತ್ತದೆ! ಅದಕ್ಕೇ ಪಂಪ್‌ಹೌಸ್‌ಗಳಲ್ಲಿ ಪಿಎಲ್‌ಸಿ ಎಂಬ ಪುಟ್ಟ ಕಂಪ್ಯೂಟರುಗಳಿವೆ. ಮಟ್ಟ, ಒತ್ತಡ, ಕ್ಲೋರಿನ್ ಎಲ್ಲವನ್ನೂ ಓದಿ ಕ್ಷಣದೊಳಗೆ ತೀರ್ಮಾನ ಮಾಡುತ್ತವೆ, ದೂರದಿಂದಲೇ ಎಲ್ಲವನ್ನೂ ಕಾಯುವ ಸ್ಕಾಡಾ ವ್ಯವಸ್ಥೆಯ ಪರದೆಗೆ ಸುದ್ದಿ ಮುಟ್ಟಿಸುತ್ತವೆ.

ನನ್ನನ್ನು ಬೆರಗುಗೊಳಿಸಿದ್ದು ಮಾತ್ರ ಇದಕ್ಕಿಂತ ಚಿಕ್ಕ ಸಂಗತಿ. ಟ್ಯಾಂಕಿನ ಮಟ್ಟ ಹೇಳುವುದು ಎರಡೆಳೆ ತಂತಿ. ಅದರಲ್ಲಿ 20 ಮಿಲಿಆಂಪಿಯರ್ ಹರಿದರೆ ಟ್ಯಾಂಕು ತುಂಬಿದೆ; 12 ಇದ್ದರೆ ಅರ್ಧ. ಪೂರ್ತಿ ಖಾಲಿಯಾದರೆ? ಸೊನ್ನೆಯಲ್ಲ, 4! ಏಕೆಂದರೆ ಸೊನ್ನೆ ಬಂದರೆ ಟ್ಯಾಂಕು ಖಾಲಿಯಲ್ಲ, ತಂತಿಯೇ ತುಂಡಾಗಿದೆ ಎಂದರ್ಥ. ನೀರಿಲ್ಲ ಎನ್ನುವುದೂ ಗೊತ್ತಿಲ್ಲ ಎನ್ನುವುದೂ ಬೇರೆ ಬೇರೆ ಎಂದು ತಂತಿಗೇ ಕಲಿಸಿಟ್ಟ ಆ ಎಂಜಿನಿಯರುಗಳಿಗೆ ಕೈ ಮುಗಿಯಬೇಕು!

ಈ ತಂತಿ, ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವುದೇ ಒಂದು ಕಸುಬು. ಜಗತ್ತಿನ ಎಷ್ಟೋ ಜಲಮಂಡಳಿಗಳು ಅದನ್ನು ವಾರ್ಷಿಕ ಒಪ್ಪಂದದ ಮೇಲೆ ಹೊರಗಿನ ತಂಡಗಳಿಗೆ ಒಪ್ಪಿಸುತ್ತವೆ. ಅವರ ಕೆಲಸದಲ್ಲಿ ಒಂದನ್ನಾದರೂ ಕೇಳಿ. ಹಳೆಯ ಪಿಎಲ್‌ಸಿಗಳಲ್ಲಿ ಪ್ರೋಗ್ರಾಮು ನಿಂತಿರುವುದು ಪುಟ್ಟ ಬ್ಯಾಟರಿಯೊಂದರ ಬಲದ ಮೇಲೆ. ಬ್ಯಾಟರಿ ಸತ್ತಿರುವಾಗ ಕರೆಂಟೂ ಹೋದರೆ ಪ್ರೋಗ್ರಾಮು ಅಳಿಸಿಹೋಗುತ್ತದೆ, ಪಂಪಿಗೆ ಏನು ಮಾಡಬೇಕೆಂದೇ ತಿಳಿಯದು! ಹಾಗಾಗಿ ಮೊದಲು ಪ್ರೋಗ್ರಾಮಿನ ಬ್ಯಾಕಪ್. ಆಮೇಲೆ, ಕರೆಂಟು ಇರುವಾಗಲೇ, ಬ್ಯಾಟರಿ ಬದಲು. ಆಫೀಸಿನ ಕಂಪ್ಯೂಟರಿನಂತೆ ಆಫ್ ಮಾಡಿ ಆನ್ ಮಾಡುವ ಮಾತೇ ಇಲ್ಲ, ನಲ್ಲಿಗಳು ಕಾಯುತ್ತಿರುತ್ತವೆ.

ಇಂಥ ನಂಬಿಕೆಯ ಕೆಲಸ ಕೆಟ್ಟವರ ಕೈಗೆ ಸಿಕ್ಕರೆ? 2000ದಲ್ಲಿ ಆಸ್ಟ್ರೇಲಿಯಾದ ಮರೂಚಿಯಲ್ಲಿ ಅದೂ ಆಯಿತು. ಒಳಚರಂಡಿಗೆ ನಿಯಂತ್ರಣ ವ್ಯವಸ್ಥೆ ಅಳವಡಿಸಿದ್ದ ಕಂಪನಿಯ ಮಾಜಿ ನೌಕರನೇ ಲ್ಯಾಪ್‌ಟಾಪು, ರೇಡಿಯೋ ಹಿಡಿದು ಪಂಪುಗಳನ್ನು ಕೆಡಿಸಿದ. ಸುಮಾರು 8 ಲಕ್ಷ ಲೀಟರ್ ಕೊಳಚೆ ಪಾರ್ಕು, ಹೊಳೆಗಳಿಗೆ ನುಗ್ಗಿತು. ಕೆಲಸ ಬಿಟ್ಟವನ ಪ್ರವೇಶವನ್ನು ಅವತ್ತೇ ಮುಚ್ಚಬೇಕು ಎಂಬ ನಿಯಮ ಎಷ್ಟು ಬೆಲೆಬಾಳುತ್ತದೆ ನೋಡಿ.

ಕೆಡಿಸುವವರು ಹೊರಗಿನಿಂದಲೂ ಬರಬಹುದು. 2023ರ ನವೆಂಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಅಲಿಕ್ವಿಪಾ ಎಂಬ ಊರಿನ ನೀರಿನ ಒತ್ತಡ ಹೆಚ್ಚಿಸುವ ಬೂಸ್ಟರ್ ಸ್ಟೇಷನ್‌ನ ಪಿಎಲ್‌ಸಿಗೆ ಇಂಟರ್‌ನೆಟ್ ಮೂಲಕ ದಾಳಿಕೋರರು ನುಗ್ಗಿದರು. ಆ ಬಗೆಯ ಪಿಎಲ್‌ಸಿಗಳಿಗೆ ಕಾರ್ಖಾನೆಯಿಂದಲೇ ಬರುತ್ತಿದ್ದ ಪಾಸ್‌ವರ್ಡ್ 1111! ಅದನ್ನು ಬದಲಿಸಿ, ಇಂಟರ್‌ನೆಟ್ಟಿನಿಂದ ಬೇರ್ಪಡಿಸಿ ಎಂದು ಸರ್ಕಾರಿ ಸಂಸ್ಥೆಗಳು ದೇಶಕ್ಕೆಲ್ಲ ಎಚ್ಚರಿಕೆ ಕೊಟ್ಟವು. ಆದರೆ ಆ ಊರಿನ ನೀರು ಕೆಡಲಿಲ್ಲ, ನಿಲ್ಲಲೂ ಇಲ್ಲ. ಸಿಬ್ಬಂದಿ ಆ ಯಂತ್ರವನ್ನು ಬದಿಗಿಟ್ಟು ಸ್ಟೇಷನ್ನನ್ನು ಕೈಯಿಂದಲೇ ಓಡಿಸಿದರು!