ತೆರಿಗೆ ಇಳಿಸಿ ದಂಡ ತೆತ್ತ ಕಾನ್ಸಾಸ್

ಆದಾಯ ತೆರಿಗೆ ಕಡಿತ ಮಾಡಿದರೆ ಉದ್ಯೋಗ ಹುಟ್ಟುತ್ತದೆಯೇ, ಇಲ್ಲ ಶಾಲೆ–ರಸ್ತೆಗಳು ಸೊರಗುತ್ತವೆಯೇ? ಅಮೆರಿಕದ ರಾಜ್ಯವೊಂದು ಐದು ವರ್ಷ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ನೋಡಿತು.

ಮಿಸೌರಿ ಮತ್ತು ಕಾನ್ಸಾಸ್ ರಾಜ್ಯಗಳ ಗಡಿ, ಕಾನ್ಸಾಸ್ ಸಿಟಿ ಮಹಾನಗರದೊಳಗೆ ಒಂದು ರಸ್ತೆ. ಹೆಸರೂ ಸ್ಟೇಟ್ ಲೈನ್ ರೋಡ್. ಪೂರ್ವಕ್ಕೆ ಮನೆಯಿದ್ದರೆ ಒಂದು ಸರ್ಕಾರ, ಪಶ್ಚಿಮಕ್ಕಿದ್ದರೆ ಇನ್ನೊಂದು. ಮಳೆ ಒಂದೇ, ಮಾರುಕಟ್ಟೆ ಒಂದೇ, ತೆರಿಗೆ ಮಾತ್ರ ಬೇರೆ. ತೆರಿಗೆ ಇಳಿಸಿದ ಕಡೆಗೆ ಉದ್ದಿಮೆ ಓಡಿಬರುತ್ತದೆ ಎಂಬ ಮಾತನ್ನು ಒರೆಗೆ ಹಚ್ಚಲು ಇದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ.

2012ರ ಮೇ ತಿಂಗಳಲ್ಲಿ ಕಾನ್ಸಾಸ್‌ನ ರಿಪಬ್ಲಿಕನ್ ಗವರ್ನರ್ ಸ್ಯಾಮ್ ಬ್ರೌನ್‌ಬ್ಯಾಕ್ ಸಹಿ ಹಾಕಿದ ಕಾಯ್ದೆ ಗರಿಷ್ಠ ಆದಾಯ ತೆರಿಗೆಯನ್ನು ಶೇ 6.45ರಿಂದ ಶೇ 4.9ಕ್ಕೆ ಇಳಿಸಿತು. ಎಲ್‌ಎಲ್‌ಸಿ (ಸೀಮಿತ ಹೊಣೆಗಾರಿಕೆಯ ಕಂಪನಿ), ಪಾಲುದಾರಿಕೆ, ಏಕಮಾಲೀಕತ್ವದ ಸಂಸ್ಥೆಗಳಿಂದ ಮಾಲೀಕರಿಗೆ ಬರುವ ಲಾಭಕ್ಕಂತೂ ರಾಜ್ಯದ ಆದಾಯ ತೆರಿಗೆಯೇ ಇಲ್ಲವಾಯಿತು. ರೇಗನ್ ಕಾಲದಿಂದ ಹೆಸರಾದ ಅರ್ಥಶಾಸ್ತ್ರಜ್ಞ ಆರ್ಥರ್ ಲ್ಯಾಫರ್ ಸಲಹೆಗಾರರಾಗಿದ್ದರು. ಇದು ರಾಜ್ಯದ ಆರ್ಥಿಕತೆಗೆ ಕೊಡುವ ಅಡ್ರಿನಾಲಿನ್ ಚುಚ್ಚುಮದ್ದು ಎಂದು ಬ್ರೌನ್‌ಬ್ಯಾಕ್ ಬಣ್ಣಿಸಿದರು.

ದರ ಒಂದು ಮಟ್ಟ ಮೀರಿದರೆ ದುಡಿಯುವ ಉಮೇದು ಕುಗ್ಗಿ ತೆರಿಗೆ ವಸೂಲಿಯೇ ಇಳಿಯುತ್ತದೆ ಎಂಬುದು ಲ್ಯಾಫರ್ ವಾದದ ತಿರುಳು. ತಾತ್ವಿಕವಾಗಿ ಅದರಲ್ಲಿ ತಪ್ಪಿಲ್ಲ. ಆದರೆ ಆ ಮಟ್ಟ ಎಲ್ಲಿದೆ ಎಂಬುದೇ ಪ್ರಶ್ನೆ. ಶೇ 6.45ರ ಆಸುಪಾಸಿನಲ್ಲಂತೂ ಅದು ಇರಲಿಲ್ಲ.

ಹೊಸ ಕೆಲಸವಲ್ಲ, ಹೊಸ ಕಾಗದ

ಇಬ್ಬರು ಪ್ಲಂಬರ್‌ಗಳನ್ನು ಊಹಿಸಿಕೊಳ್ಳಿ. ಇಬ್ಬರ ಗಳಿಕೆಯೂ ವರ್ಷಕ್ಕೆ 50,000 ಡಾಲರ್. ಒಬ್ಬ ಸಂಬಳದವನು, ಅವನು ತೆರಿಗೆ ಕಟ್ಟಬೇಕು. ಇನ್ನೊಬ್ಬ ಎಲ್‌ಎಲ್‌ಸಿ ನೋಂದಾಯಿಸಿಕೊಂಡಿದ್ದಾನೆ, ಅವನ ಲಾಭಕ್ಕೆ ರಾಜ್ಯದಲ್ಲಿ ತೆರಿಗೆ ಇಲ್ಲ. ಎರಡನೆಯವನಿಗೆ ಉಳಿಯುವುದು ಎರಡು ಸಾವಿರ ಡಾಲರ್ ಆಸುಪಾಸು. ಖುಷಿಯ ಸಂಗತಿಯೇ, ಆದರೆ ಆ ದುಡ್ಡಿನಲ್ಲಿ ಒಬ್ಬ ಸಹಾಯಕನನ್ನು ಒಂದೆರಡು ತಿಂಗಳೂ ಇಟ್ಟುಕೊಳ್ಳಲಾಗದು. ಹೊಸಬರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕೆಂಬ ಷರತ್ತೂ ಕಾಯ್ದೆಯಲ್ಲಿರಲಿಲ್ಲ.

ಈ ವಿನಾಯಿತಿ 1.91 ಲಕ್ಷ ಉದ್ದಿಮೆಗಳಿಗೆ ಸಿಗುತ್ತದೆಂದು ಸರ್ಕಾರ ಲೆಕ್ಕ ಹಾಕಿತ್ತು. ಪಡೆದವರು ಸುಮಾರು 3.3 ಲಕ್ಷ. ಎಷ್ಟೋ ಮಂದಿಯ ಕಸುಬು ಹಿಂದಿನದೇ, ಆದಾಯ ತೋರಿಸುವ ನಮೂನೆ ಮಾತ್ರ ಹೊಸದು. ಉದ್ಯೋಗ ಬೆಳವಣಿಗೆಯಲ್ಲಿ ಕಾನ್ಸಾಸ್ ರಾಷ್ಟ್ರೀಯ ಸರಾಸರಿಗಿಂತ ಹಿಂದೆಯೇ ಉಳಿಯಿತು.

ಬೊಕ್ಕಸಕ್ಕೆ ಬಿದ್ದ ಕನ್ನ

2014ರ ಆರ್ಥಿಕ ವರ್ಷದಲ್ಲಿ ರಾಜ್ಯದ ಆದಾಯ ಸುಮಾರು 70 ಕೋಟಿ ಡಾಲರ್ ಕುಸಿಯಿತು. ಹಿಂದಿನ ವರ್ಷ ಬಂದಿದ್ದುದೇ 630 ಕೋಟಿಯಷ್ಟು. ಅಂದರೆ ಒಂಬತ್ತರಲ್ಲಿ ಒಂದು ಪಾಲು ಕಾಣೆ. ವಾಷಿಂಗ್ಟನ್ನಿನ ಕೇಂದ್ರ ಸರ್ಕಾರ ಆಗಿದ್ದರೆ ಸಾಲ ಮಾಡಿ ದಿನ ದೂಡುತ್ತಿತ್ತು. ಆದರೆ ಅಮೆರಿಕದ ಬಹುತೇಕ ಎಲ್ಲ ರಾಜ್ಯಗಳೂ ಬಜೆಟ್ಟಿನಲ್ಲಿ ಆಯ–ವ್ಯಯ ಸರಿದೂಗಿಸಲೇಬೇಕು. ಹಾಗಾಗಿ ಇಲ್ಲಿ ಬಿಟ್ಟುಕೊಟ್ಟ ಪ್ರತಿ ಡಾಲರನ್ನೂ ಬೇರೆ ಕಡೆಯಿಂದ ಎತ್ತಬೇಕು.

ಎತ್ತಿದ್ದೂ ಹಾಗೆಯೇ. ಹೆದ್ದಾರಿ ನಿಧಿಯ ಹಣ ಸಾಮಾನ್ಯ ಖರ್ಚಿಗೆ ಹೋಯಿತು. ನೌಕರರ ಪಿಂಚಣಿ ನಿಧಿಗೆ ಕಟ್ಟಬೇಕಾದ ಕಂತು ಮುಂದಕ್ಕೆ ಹೋಯಿತು. 2015ರಲ್ಲಿ ಕಾನ್ಕಾರ್ಡಿಯಾ ಮತ್ತು ಟ್ವಿನ್ ವ್ಯಾಲಿ ಶಾಲಾ ಜಿಲ್ಲೆಗಳು ಹಣ ಸಾಲದೆ ಕೆಲವು ದಿನ ಮೊದಲೇ ಶಾಲಾ ವರ್ಷ ಮುಗಿಸಿದವು. ಮೂಡೀಸ್, ಎಸ್ ಆ್ಯಂಡ್ ಪಿ ಸಂಸ್ಥೆಗಳು ರಾಜ್ಯದ ಸಾಲಾರ್ಹತೆಯ ದರ್ಜೆ ಇಳಿಸಿದವು.

ಅಷ್ಟಾದರೂ ಕೊರತೆ ತುಂಬಲಿಲ್ಲ. 2015ರಲ್ಲಿ ಮಾರಾಟ ತೆರಿಗೆ ಶೇ 6.15ರಿಂದ ಶೇ 6.5ಕ್ಕೆ ಏರಿತು, ಸಿಗರೇಟಿನ ಮೇಲಿನ ತೆರಿಗೆಯೂ ಏರಿತು. ಕಾನ್ಸಾಸ್‌ನಲ್ಲಿ ಹಾಲು, ಬ್ರೆಡ್, ತರಕಾರಿಗೂ ಆಗ ಪೂರ್ತಿ ಮಾರಾಟ ತೆರಿಗೆ. ಪಕ್ಕದ ಮಿಸೌರಿಯಲ್ಲಿ ದಿನಸಿಗೆ ರಾಜ್ಯದ ತೆರಿಗೆ ಶೇ 1.225 ಮಾತ್ರ. ಉದ್ದಿಮೆಗಳನ್ನು ಈಚೆಗೆ ಸೆಳೆಯಲು ಹೊರಟ ರಾಜ್ಯ, ತನ್ನ ಗಿರಾಕಿಗಳಿಗೆ ಗಡಿಯಾಚೆಯ ಅಂಗಡಿ ತೋರಿಸಿದಂತಾಯಿತು. ಲಾಭದ ಮೇಲಿನ ತೆರಿಗೆ ಬುಟ್ಟಿಯೊಳಗಿನ ದಿನಸಿಗೆ ವರ್ಗವಾಯಿತು. ಇದನ್ನು ಕಡಿತ ಎನ್ನುವುದಕ್ಕಿಂತ ಹೊರೆ ಬದಲಾವಣೆ ಎನ್ನುವುದೇ ಸರಿ.

ಸಮರ್ಥಕರ ಮಾತು, ಕರೊಲಿನಾ ಪಾಠ

ಕಚ್ಚಾತೈಲದ ಬೆಲೆ ಬಿತ್ತು, ಕೃಷಿ ಆದಾಯ ಸೊರಗಿತು, ಹಾಗಾಗಿ ಪ್ರಯೋಗ ಕೈಕೊಟ್ಟಿತು ಎಂಬುದು ಸಮರ್ಥಕರ ವಾದ. ಅದರಲ್ಲಿ ಹುರುಳಿಲ್ಲ ಎನ್ನಲಾಗದು, ಮುಂದಿನ ವರ್ಷಗಳಲ್ಲಿ ಅದರ ಪೆಟ್ಟು ಬಿದ್ದದ್ದು ನಿಜ. ಆದರೆ ಆ ದೊಡ್ಡ ಕುಸಿತ ಕಂಡ ಆರ್ಥಿಕ ವರ್ಷ ಮುಗಿದದ್ದು 2014ರ ಜೂನ್ 30ಕ್ಕೆ. ತೈಲ ಬೆಲೆ ಕುಸಿದದ್ದು ಅದರ ನಂತರ.

ಅವರ ಕೈಯಲ್ಲಿರುವ ಗಟ್ಟಿ ಉದಾಹರಣೆ ನಾರ್ತ್ ಕರೊಲಿನಾ. ಅಲ್ಲಿಯೂ 2013ರಲ್ಲಿ ತೆರಿಗೆ ಕಡಿತವಾಯಿತು, ಆರ್ಥಿಕತೆಯೂ ಬೆಳೆಯಿತು. ವ್ಯತ್ಯಾಸ ಇಷ್ಟೇ: ದರ ಇಳಿಸುವಾಗಲೇ ಹಲವು ವಿನಾಯಿತಿಗಳನ್ನು ಕಿತ್ತುಹಾಕಿದರು, ಮಾರಾಟ ತೆರಿಗೆಯ ವ್ಯಾಪ್ತಿ ಹಿಗ್ಗಿಸಿದರು, ಕಂಪನಿ ತೆರಿಗೆಯ ಮುಂದಿನ ಕಡಿತಗಳನ್ನು ಆದಾಯ ಗುರಿ ಮುಟ್ಟಿದರೆ ಮಾತ್ರ ಎಂದು ಕಟ್ಟಿಹಾಕಿದರು. ರಾಜ್ಯದ ಬಲ ಅದಕ್ಕೂ ಹಿಂದಿನದು. ದಶಕಗಳ ಕಾಲ ಸಾರ್ವಜನಿಕ ಹಣ ಸುರಿದು ಬೆಳೆಸಿದ ವಿಶ್ವವಿದ್ಯಾಲಯಗಳ ಸುತ್ತ ಅಲ್ಲಿ ರಿಸರ್ಚ್ ಟ್ರಯಾಂಗಲ್ ಎಂಬ ಸಂಶೋಧನೆ–ತಂತ್ರಜ್ಞಾನದ ನೆಲೆ ಎದ್ದಿತ್ತು. ಅಲ್ಲಿಯೂ ಬೆಲೆ ತೆತ್ತವರಿದ್ದಾರೆ: ಬಡ ದುಡಿಮೆಗಾರರಿಗಿದ್ದ ರಾಜ್ಯದ ತೆರಿಗೆ ರಿಯಾಯಿತಿ ನಿಂತುಹೋಯಿತು, ಶಿಕ್ಷಕರ ಸಂಬಳ ಇಂದಿಗೂ ರಾಷ್ಟ್ರೀಯ ಸರಾಸರಿಗಿಂತ ಕಡಿಮೆ. ಅದೇ 2013ರಲ್ಲಿ ಮಿನ್ನೆಸೋಟಾ ಶ್ರೀಮಂತರ ತೆರಿಗೆಯನ್ನು ಶೇ 9.85ಕ್ಕೆ ಏರಿಸಿತು. ಅಲ್ಲಿನ ಆರ್ಥಿಕತೆಯೇನೂ ಕುಸಿಯಲಿಲ್ಲ.

ಸ್ವಪಕ್ಷೀಯರೇ ತಿರುಗಿಬಿದ್ದಾಗ

2017ರ ಮಾರ್ಚ್‌ನಲ್ಲಿ ಕಾನ್ಸಾಸ್ ಸುಪ್ರೀಂ ಕೋರ್ಟ್, ಶಾಲೆಗಳಿಗೆ ಕೊಡುತ್ತಿರುವ ಅನುದಾನ ಸಾಲದೆಂದು ತೀರ್ಪಿತ್ತಿತು. ರಿಪಬ್ಲಿಕನ್ ಬಹುಮತದ ಶಾಸನಸಭೆ ಕಡಿತಗಳನ್ನು ಬಹುಮಟ್ಟಿಗೆ ರದ್ದುಮಾಡುವ ಮಸೂದೆ ತಂದಿತು. ಬ್ರೌನ್‌ಬ್ಯಾಕ್ ವೀಟೊ ಚಲಾಯಿಸಿದರು. ಜೂನ್ 6ರಂದು ಕೆಳಮನೆ 88–31, ಸೆನೆಟ್ 27–13 ಮತಗಳಿಂದ ಆ ವೀಟೊವನ್ನು ತಳ್ಳಿಹಾಕಿದವು. ಸೆನೆಟ್‌ನಲ್ಲಿ ಬೇಕಿದ್ದದ್ದೂ ಸರಿಯಾಗಿ 27. ತಮ್ಮೂರಿನ ಶಾಲೆ, ರಸ್ತೆಗಳ ಬಗ್ಗೆ ಮತದಾರರಿಗೆ ಉತ್ತರ ಕೊಡಬೇಕಾದವರು ಶಾಸಕರೇ ತಾನೆ?

ನಮಗೇನು?

ಭಾರತದಲ್ಲಿ ಆದಾಯ ತೆರಿಗೆ ಕೇಂದ್ರದ ಕೈಯಲ್ಲಿದೆ, ಕಾನ್ಸಾಸ್ ಪ್ರಯೋಗವನ್ನು ಕರ್ನಾಟಕ ಮಾಡಲಾಗದು. ಆದರೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳು ಇಳಿದಾಗ ಇದೇ ವಾದ ಇಲ್ಲಿಯೂ ಕೇಳಿಬಂತು. ಖರೀದಿ ಹೆಚ್ಚಿ ನಷ್ಟ ತುಂಬುತ್ತದೆ ಎಂದಿತು ಕೇಂದ್ರ. ನಮ್ಮ ಆದಾಯಕ್ಕೆ ಪರಿಹಾರ ಕೊಡಿ ಎಂದವು ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳು. ರಾಜ್ಯದ ಕೈಯಲ್ಲಿ ಉಳಿದಿರುವುದು ಮುಖ್ಯವಾಗಿ ಮದ್ಯ, ಇಂಧನ, ನೋಂದಣಿ, ವಾಹನ ತೆರಿಗೆ. ಬೊಕ್ಕಸಕ್ಕೆ ಹಣ ಬೇಕಾದಾಗ ಕೈ ಹೋಗುವುದು ಅಲ್ಲಿಗೇ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೆ ಏರಿಸಿದ್ದು ನೆನಪಿರಬಹುದು.

ಇತ್ತ ಕಾನ್ಸಾಸ್ ಸುಮ್ಮನಾಗಿಲ್ಲ. ದಿನಸಿಯ ಮೇಲಿನ ರಾಜ್ಯದ ತೆರಿಗೆ 2025ರ ಜನವರಿಗೆ ಸೊನ್ನೆಯಾಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಶಾಸನಸಭೆ, ಡೆಮಾಕ್ರಟಿಕ್ ಗವರ್ನರ್ ಲಾರಾ ಕೆಲ್ಲಿ ಅವರ ವೀಟೊ ಮೀರಿ, ಆದಾಯ ತೆರಿಗೆಯನ್ನು ಹಂತಹಂತವಾಗಿ ಶೇ 4ಕ್ಕೆ ಇಳಿಸುವ ಕಾಯ್ದೆ ತಂದಿದೆ. ಈ ಸಲ ಆದಾಯ ಹೆಚ್ಚಿದರೆ ಮಾತ್ರ ಕಡಿತ ಎಂಬ ಷರತ್ತಿದೆ. ಹಿಂದಿನ ಪೆಟ್ಟು ಕಲಿಸಿದ ಬುದ್ಧಿ, ಆದರೆ ಅರ್ಧ ಮಾತ್ರ. ಷರತ್ತು ಬೊಕ್ಕಸ ತುಂಬಿತೇ ಎಂದು ನೋಡುತ್ತದೆ, ಶಾಲೆಗೆ ಸಾಕಷ್ಟು ಸಿಕ್ಕಿತೇ ಎಂದು ನೋಡುವುದಿಲ್ಲ. ತೆರಿಗೆ ಇಳಿಸುತ್ತೇವೆ ಎನ್ನುವ ಸರ್ಕಾರ ಯಾವುದೇ ಇರಲಿ, ಯಾವ ಖರ್ಚು ನಿಲ್ಲುತ್ತದೆ, ಬದಲಿಗೆ ತೆರುವವರು ಯಾರು ಎಂಬುದನ್ನು ಅದೇ ಮಸೂದೆಯಲ್ಲಿ ಬರೆಯಲಿ. ಬೆಳವಣಿಗೆಯ ಭರವಸೆಯನ್ನು ಅದರ ನಂತರ ಕೇಳೋಣ.