ಕಾಕಂಬಿಯ ಲೆಕ್ಕ ಹೊಲದಿಂದಲೇ ಶುರು

ವಿಜಯಪುರದ ಬಂಕಿನಲ್ಲಿ ಹಾಕಿಸುವ ಪೆಟ್ರೋಲಿನಲ್ಲಿ ಈಗ ನೂರಕ್ಕೆ 20 ಪಾಲಿನವರೆಗೂ ಎಥನಾಲ್ ಇರುತ್ತದೆ. ಹಸಿರು ಇಂಧನ ಎನ್ನುತ್ತಾರೆ. ಎಷ್ಟು ಹಸಿರು? ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವ ನನಗೆ ಇದಕ್ಕೆ ಉತ್ತರ ಕೆಜಿಯಲ್ಲೇ ಬೇಕು.

ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಗೆ ಯೀಸ್ಟ್ ಸೇರಿಸಿ ಹುಳಿಯಲು ಬಿಡುತ್ತಾರೆ. 180 ಗ್ರಾಂ ಗ್ಲುಕೋಸ್‌ನಿಂದ 92 ಗ್ರಾಂ ಆಲ್ಕೋಹಾಲ್, 88 ಗ್ರಾಂ ಇಂಗಾಲದ ಡೈಆಕ್ಸೈಡ್. ಅಂದರೆ ಒಂದು ಲೀಟರ್ ಎಥನಾಲ್ ಆಗುವಾಗ ತೊಟ್ಟಿಯಿಂದ ಮುಕ್ಕಾಲು ಕೆಜಿ ಅನಿಲ ಹೊರಬೀಳುತ್ತದೆ. ಇದನ್ನು ಕೇಳಿ ವಿದ್ಯಾರ್ಥಿಗಳು ಗಾಬರಿಯಾಗುತ್ತಾರೆ. ಆದರೆ ಆ ಅನಿಲವನ್ನು ಕಬ್ಬು ಬೆಳೆಯುವಾಗ ಗಾಳಿಯಿಂದಲೇ ಹೀರಿಕೊಂಡಿತ್ತು. ಅದನ್ನು ಬೇರೆಯಾಗಿಯೇ ಬರೆದಿಡಬೇಕು, ಕಲ್ಲಿದ್ದಲು ಡೀಸೆಲ್‌ಗಳ ಹೊಗೆಯೊಂದಿಗೆ ಕೂಡಿಸಬಾರದು. ಗಾಣದ ಸಿಪ್ಪೆಯನ್ನೇ ಉರಿಸುವ ಬಾಯ್ಲರಿನ ಹೊಗೆಗೂ ಇದೇ ನಿಯಮ.

ಹಾಗಾದರೆ ಭಾರ ಎಲ್ಲಿದೆ? ಬಬಲೇಶ್ವರದ ಕಬ್ಬಿನ ಹೊಲದಲ್ಲಿ.

“ಕಾಕಾ, ಈ ಸಲ ಯೂರಿಯಾ ಎಷ್ಟು ಚೀಲ ಹಾಕೀರಿ?”

“ಯಾರ ಬರದಿಟ್ಟಾರವ್ವಾ? ಕಬ್ಬ ಕೇಳಿದಷ್ಟ ಹಾಕೀವಿ.”

ಹಾಗೆ ಬರೆದಿಡದ ಒಂದು ಚೀಲವನ್ನೇ ನೋಡೋಣ. 45 ಕೆಜಿಯ ಚೀಲದಲ್ಲಿ ಸಾರಜನಕ ಸುಮಾರು 20.7 ಕೆಜಿ. ಅದರಲ್ಲಿ ನೂರಕ್ಕೆ ಒಂದು ಪಾಲು ಮಣ್ಣಿನಿಂದ ನೈಟ್ರಸ್ ಆಕ್ಸೈಡ್ ಆಗಿ ಏಳುತ್ತದೆ ಎಂಬುದು ಅಂತರರಾಷ್ಟ್ರೀಯ ಲೆಕ್ಕದ ಸಾಮಾನ್ಯ ಅಂದಾಜು. ಆ ಅನಿಲ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ಗಿಂತ 273 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. ಸಾರಜನಕಕ್ಕೆ ಆಮ್ಲಜನಕ ಕೂಡಿ ಹೆಚ್ಚುವ ತೂಕವನ್ನೂ ಸೇರಿಸಿ ಗುಣಿಸಿದರೆ ಒಂದು ಚೀಲಕ್ಕೆ ಹತ್ತಿರ ಹತ್ತಿರ 90 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ! ಯೂರಿಯಾ ತಯಾರಿಸುವಾಗಿನ ಹೊಗೆ ಇದರ ಮೇಲೆ.

ಇನ್ನು ನೀರು. ತುಬಚಿ–ಬಬಲೇಶ್ವರ ಏತ ನೀರಾವರಿ ಕೃಷ್ಣೆಯನ್ನು ನಮ್ಮ ಒಣಭೂಮಿಗೆ ಏರಿಸಿತು, ಆ ಉಪಕಾರ ದೊಡ್ಡದು. ಆದರೆ 1000 ಲೀಟರ್ ನೀರನ್ನು 100 ಮೀಟರ್ ಎತ್ತಲು ಒಳ್ಳೆಯ ಪಂಪಿಗೂ ಸುಮಾರು 0.4 ಯೂನಿಟ್ ಕರೆಂಟ್ ಬೇಕು. ದೇಶದ ಸರಾಸರಿ ನೋಡಿದರೆ ಯೂನಿಟ್‌ಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಕೂಡಗಿಯ 2400 ಮೆಗಾವ್ಯಾಟ್ ಸ್ಥಾವರ ಉರಿಸುವುದೂ ಕಲ್ಲಿದ್ದಲನ್ನೇ. ಟಿಕೋಟಾ ಕಡೆಯ ಆಳದ ಬೋರ್‌ವೆಲ್‌ಗೂ ಇದೇ ಲೆಕ್ಕ.

ಕಡೆಗೆ ಪಾಲು ಹಂಚುವ ಪ್ರಶ್ನೆ. ಒಂದು ಟನ್ ಕಬ್ಬಿನಿಂದ ಸುಮಾರು 100 ಕೆಜಿ ಸಕ್ಕರೆ, 40–45 ಕೆಜಿ ಕಾಕಂಬಿ. ಹೊಲದ ಭಾರವನ್ನು ತೂಕದ ಮೇಲೆ ಹಂಚಿದರೆ ಕಾಕಂಬಿಗೆ ಮೂರರಲ್ಲೊಂದು ಪಾಲಿನಷ್ಟು ಬೀಳುತ್ತದೆ, ಬೆಲೆಯ ಮೇಲೆ ಹಂಚಿದರೆ ಬಹಳ ಕಡಿಮೆ. ಕಬ್ಬು ಅದೇ, ಎಥನಾಲ್ ಅದೇ, ಅಂಕಿ ಮಾತ್ರ ಬೇರೆ. ಅದಕ್ಕೇ 2018ರ ಐಎಸ್‌ಒ 14067 ಮಾನದಂಡ, ಹೇಗೆ ಹಂಚಿದಿರಿ ಎಂಬುದನ್ನು ವರದಿಯಲ್ಲಿ ಬರೆಯಬೇಕು ಎನ್ನುತ್ತದೆ. ಅದನ್ನು ಹೇಳದ ಯಾವ ಅಂಕಿಯನ್ನೂ ನಾನು ನಂಬುವುದಿಲ್ಲ.

ಕಾರ್ಖಾನೆಯವರಿಗೆ ನನ್ನ ಕೋರಿಕೆ ಇಷ್ಟೇ: ಕಬ್ಬಿನ ತೂಕದ ಚೀಟಿ ಕೊಡುವಾಗಲೇ ಎಷ್ಟು ಚೀಲ ಗೊಬ್ಬರ, ಎಷ್ಟು ತಾಸು ಪಂಪ್ ಎಂದು ಕೇಳಿ ಬರೆದುಕೊಳ್ಳಿ. ರೈತ ಬಾಂಧವರೇ, ಮೀಟರ್ ಇಲ್ಲದ ಪಂಪ್‌ಸೆಟ್ ಇದ್ದರೂ ಓಡಿದ ತಾಸುಗಳನ್ನು ಒಂದು ವಹಿಯಲ್ಲಿ ಗುರುತು ಹಾಕಿಡಿ.