ಸೋಮಾರಿಯೆಂದು ಕರೆಸಿಕೊಂಡ ರೋಗಿ

ತೀವ್ರ ಮಾನಸಿಕ ಕಾಯಿಲೆಯನ್ನು ಹಳ್ಳಿಯ ಜನ ಸಾಮಾನ್ಯವಾಗಿ ಅರಚಾಟ, ಅಲೆದಾಟಗಳಿಂದ ಗುರುತಿಸುತ್ತಾರೆ. ಆದರೆ ಯೋಚನೆ, ಭಾವನೆ, ಗ್ರಹಿಕೆಗಳ ಹೊಂದಾಣಿಕೆ ತಪ್ಪುವ ಸ್ಕಿಜೋಫ್ರೇನಿಯಾದಲ್ಲಿ ದೀರ್ಘಕಾಲ ಉಳಿಯುವ ಲಕ್ಷಣಗಳು ಬಹುಮಟ್ಟಿಗೆ ಸದ್ದಿಲ್ಲದವು. ಸ್ನಾನ ಬೇಡವೆನಿಸುವುದು, ಮಾತು ಕುಗ್ಗುವುದು, ಕೆಲಸಕ್ಕೆ ಕೈ ಏಳದಿರುವುದು, ನೆಂಟರು ಬಂದರೆ ಎದ್ದು ಒಳಗೆ ಹೋಗುವುದು ಮುಂತಾದವನ್ನು, ಇದ್ದ ಸಾಮರ್ಥ್ಯ ಇಲ್ಲವಾಗುತ್ತದೆ ಎಂಬ ಅರ್ಥದಲ್ಲಿ, ವೈದ್ಯಶಾಸ್ತ್ರ ಋಣಾತ್ಮಕ ಲಕ್ಷಣಗಳೆಂದು ಕರೆಯುತ್ತದೆ. ಮನೆಯವರ ಕಣ್ಣಿಗೆ ಇವೇ ಮೈಗಳ್ಳತನವಾಗಿ, ಸೊಕ್ಕಾಗಿ ಕಾಣುತ್ತವೆ. ಮೆಕ್ಕೆಜೋಳದ ಕಟಾವಿಗೆ ಮನೆಮಂದಿಯೆಲ್ಲ ಹೊಲದಲ್ಲಿರುವಾಗ ಗೋಡೆಗೆ ಮುಖ ಮಾಡಿ ಮಲಗಿದವನಿಗೆ ಬೈಗುಳ ತಪ್ಪದು.

ದಾವಣಗೆರೆ ಜಿಲ್ಲೆಯಲ್ಲಿ ಈ ತಪ್ಪು ಗ್ರಹಿಕೆಯನ್ನು ಮನೆಬಾಗಿಲಲ್ಲೇ ಎದುರಿಸುವ ಕೆಲಸ ನಡೆದಿದೆ. ತಮ್ಮ ಖಿನ್ನತೆಯ ಬಗ್ಗೆ 2015ರಲ್ಲಿ ಬಹಿರಂಗವಾಗಿ ಮಾತನಾಡಿದ ನಟಿ ದೀಪಿಕಾ ಪಡುಕೋಣೆ ಅದೇ ವರ್ಷ ಸ್ಥಾಪಿಸಿದ ಲಿವ್ ಲವ್ ಲಾಫ್ ಪ್ರತಿಷ್ಠಾನವು, ಅಂಗವಿಕಲರಿಗಾಗಿ 1959ರಿಂದ ದುಡಿಯುತ್ತಿರುವ ಬೆಂಗಳೂರಿನ ಎಪಿಡಿ ಸಂಸ್ಥೆಯೊಡನೆ 2016ರಲ್ಲಿ ಇಲ್ಲಿ ಗ್ರಾಮೀಣ ಕಾರ್ಯಕ್ರಮವನ್ನು ಆರಂಭಿಸಿತು. ಜಗಳೂರು ಸೇರಿದಂತೆ ಜಿಲ್ಲೆಯ ಹಲವು ತಾಲ್ಲೂಕುಗಳು ಅದರ ವ್ಯಾಪ್ತಿಗೆ ಬಂದವು. ಇದರ ಜೀವಾಳ ಆಶಾ ಕಾರ್ಯಕರ್ತೆ. ಬಾಣಂತಿಯನ್ನೋ ಮಗುವಿನ ಲಸಿಕೆಯನ್ನೋ ವಿಚಾರಿಸಲು ಹೇಗೂ ಮನೆಗೆ ಬರುವ ಆಕೆ, ಹಿಂದಿನ ಕೋಣೆಯಲ್ಲಿರುವವನ ಊಟ, ನಿದ್ದೆಯನ್ನೂ ಕೇಳಿದಾಗ, ಗಾಳಿ ಸೋಕಿದೆ ಎಂದು ದೇವಸ್ಥಾನ ಸುತ್ತಿ ಸುಸ್ತಾದವರಿಗೆ ಮಾತ್ರೆ, ವೈದ್ಯರ ದಾರಿ ತೆರೆದುಕೊಳ್ಳುತ್ತದೆ.

ಮನೆಯವರ ನಡವಳಿಕೆ ಬದಲಾದರೆ ಕಾಯಿಲೆಯ ಗತಿಯೂ ಬದಲಾಗಬಲ್ಲದು ಎಂಬುದು ಬರಿಯ ಸದಾಶಯವಲ್ಲ. ಸಮಾಜವಿಜ್ಞಾನಿ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಕಳೆದ ಶತಮಾನದ ಐವತ್ತು, ಅರವತ್ತರ ದಶಕಗಳಲ್ಲಿ, ಆಸ್ಪತ್ರೆಯಿಂದ ಮನೆಗೆ ಮರಳಿದ ರೋಗಿಗಳನ್ನು ಗಮನಿಸಿ, ಸದಾ ಟೀಕೆ, ಹಗೆತನ ಅಥವಾ ಉಸಿರುಗಟ್ಟಿಸುವಷ್ಟು ಕಾಳಜಿ ಇರುವ ಮನೆಗಳಲ್ಲಿ ಕಾಯಿಲೆ ಮರುಕಳಿಸುವುದು ಹೆಚ್ಚೆಂದು ಕಂಡುಕೊಂಡರು. ಹೀಗೆ ಬೈಯುವವರು ಕ್ರೂರಿಗಳೇನಲ್ಲ. ಮಗ ಬೇಕೆಂದೇ ಎದ್ದೇಳುತ್ತಿಲ್ಲ ಎಂದು ನಂಬಿದವರು. ಆ ನಂಬಿಕೆ ಸಡಿಲಗೊಂಡರೆ ಸಿಟ್ಟಿಗೆ ಆಧಾರವೇ ಉಳಿಯುವುದಿಲ್ಲ, ಹಾಗಾಗಿ ಕಾಯಿಲೆಯನ್ನು ಮನೆಯವರಿಗೆ ವಿವರಿಸಿ ಹೇಳುವುದು ಮಾತ್ರೆಯಷ್ಟೇ ಮುಖ್ಯವಾದ ಚಿಕಿತ್ಸೆ.

ಆದರೆ ಮನೆಯವರು ತಿಳಿಯುವುದು ಬೇರೆ, ಊರೆಲ್ಲ ತಿಳಿಯುವುದು ಬೇರೆ. ಅಣ್ಣನ ಕಾಯಿಲೆ ತಂಗಿಯ ಸಂಬಂಧಕ್ಕೆ ಅಡ್ಡಿಯಾದೀತೆಂಬ ಭಯ ನಿಜವಾದದ್ದು. ಅದನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ರೋಗಿಯ ವಿವರಗಳ ಗೋಪ್ಯತೆಯನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹಕ್ಕೆಂದೇ ಮಾನ್ಯ ಮಾಡಿದೆ. ಇನ್ನೊಂದೆಡೆ, ಮಾನಸಿಕ ಕಾಯಿಲೆಯನ್ನು 21 ಬಗೆಯ ಅಂಗವೈಕಲ್ಯಗಳಲ್ಲಿ ಒಂದೆಂದು ಪರಿಗಣಿಸಿದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಅನುಕೂಲ ಬೇಕೆಂದರೆ ಪ್ರಮಾಣಪತ್ರಕ್ಕಾಗಿ ಕಾಯಿಲೆಯನ್ನು ದಾಖಲೆಗೆ ತರಲೇಬೇಕು. ಈ ಇಕ್ಕಟ್ಟಿನಲ್ಲಿ ತೀರ್ಮಾನ ರೋಗಿಯದೂ ಕುಟುಂಬದ್ದೂ ಆಗಿರಬೇಕೇ ಹೊರತು ಹಿತೈಷಿಗಳದ್ದಲ್ಲ.

ಇವೆಲ್ಲದರ ನಡುವೆ ಎಲ್ಲರಿಗಿಂತ ಕಡಿಮೆ ಗಮನಕ್ಕೆ ಬರುವವಳು ರೋಗಿಯನ್ನು ನೋಡಿಕೊಳ್ಳುವ ತಾಯಿ ಅಥವಾ ಹೆಂಡತಿ. ಪದೇ ಪದೇ ಬರ ಕಾಣುವ ಜಗಳೂರಿನಂತಹ ತಾಲ್ಲೂಕಿನಲ್ಲಿ ಆಸ್ಪತ್ರೆಗೆ ಹೋದ ದಿನ ಆಕೆಯ ಕೂಲಿ ಹೋಗುತ್ತದೆ, ಬಸ್ಸಿಗೆ ಇಬ್ಬರ ಖರ್ಚು ಬೀಳುತ್ತದೆ, ಮದುವೆ ಮುಂಜಿಗಳಿಗೆ ಆಕೆ ಹೋಗುವುದನ್ನೇ ಬಿಟ್ಟಿರುತ್ತಾಳೆ. ದಾವಣಗೆರೆಯ ಕಾರ್ಯಕ್ರಮವು ಆರೈಕೆದಾರರನ್ನೂ ತನ್ನ ಲೆಕ್ಕಕ್ಕೆ ತಂದುಕೊಂಡಿರುವುದು ಈ ಕಾರಣಕ್ಕೆ ದೊಡ್ಡ ಮಾತು. ಮಾತ್ರೆ ಕೊಡುವ ದಿನ ಆಕೆಯ ನಿದ್ದೆ, ಊಟ, ಬೆನ್ನುನೋವನ್ನೂ ವಿಚಾರಿಸುವ ಕ್ರಮ ಪ್ರತಿಯೊಂದು ತಾಲ್ಲೂಕು ಆಸ್ಪತ್ರೆಯಲ್ಲಿಯೂ ನೆಲೆಯೂರಬೇಕಾಗಿದೆ.